ಮೂರನೆಯ ಅಳತೆ

ಅಮ್ಮನ ಮಚ್ಚಿಗೆ ಗೊತ್ತಿದ್ದದ್ದು ಎರಡೇ ಅಳತೆ:
ಬಂದವರಿಗೆ ಮೊರ, ಹೊರಟವರಿಗೆ ಚಟ್ಟ.
ನಡುವಿನ ಬುಟ್ಟಿ, ಮಂಕರಿ, ಕೋಳಿಗೂಡು
ಲೆಕ್ಕಕ್ಕಿಲ್ಲ; ಅವು ಬರೀ ಹೊಟ್ಟೆಪಾಡು.

ಹಾಸನದ ನಮ್ಮ ಮೇದರ ಬೀದಿಗೆ ಆ ಮಧ್ಯಾಹ್ನ
ಹಲ್ಲಿನ ಡಾಕ್ಟರು ಬಂದರು, ಕೊಡೆ ಮಡಚುತ್ತ.
ಟುಂಗ್ ಎಂಬುದು ಊರ ನಾಲಗೆಗೆ ದಕ್ಕದೆ
ತುಂಗಪ್ಪನಾಗಿ ಆಗಲೇ ಇಪ್ಪತ್ತು ವರ್ಷ.
ಅವರಪ್ಪ ಕಲ್ಕತ್ತದಿಂದ ಬಂದಿಳಿದದ್ದಂತೆ
ಒಂದು ಇಕ್ಕಳ, ಒಂದು ತಿರುಗುವ ಕುರ್ಚಿಯ ಸಮೇತ.
ಅಮ್ಮನ ಎರಡು ದವಡೆಹಲ್ಲು ಕಿತ್ತದ್ದು ಇವರೇ;
ಕಾಸಿನ ಬದಲು ಅವಳು ಕೊಟ್ಟದ್ದು ಕಸದ ಬುಟ್ಟಿ.

ಔಷಧಿ ಚೀಟಿಯ ಬೆನ್ನಿಗೆ ಬರೆದು ತಂದಿದ್ದರು
ಒಂದು ಉರುಟು. ಮೇಲೊಂದು ಬಾಯಿ, ಕೆಳಗೊಂದು ಬಾಯಿ.
"ಏನಿದು, ಕೋಳಿಗಾ?"
"ಬೆಳಕಿಗೆ."
ಅಮ್ಮ ನಕ್ಕಳು.
ಆಕಾಶಬುಟ್ಟಿ ಎಂದು ಊರೆಲ್ಲ ಕರೆದರೂ
ಆ ಬುಟ್ಟಿ ಹೆಣೆದುಕೊಡಿ ಎಂದು ಕೇಳಿಕೊಂಡು
ಬುಟ್ಟಿಯವರ ಬೀದಿಗೆ ಯಾರೂ ಬಂದಿರಲಿಲ್ಲ.

ಸೊಸೆ ಹೆತ್ತಿದ್ದಾಳೆ. ಭಾನುವಾರಕ್ಕೆ ತಿಂಗಳು.
ಅಲ್ಲಿತನಕ ತಣ್ಣನೆಯದು ಮುಟ್ಟುವಂತಿಲ್ಲ,
ಗಾಳಿಗೆ ತಲೆ ಕೊಡುವಂತಿಲ್ಲ, ಮೂರು ಹೊತ್ತೂ ಶುಂಠಿ.
"ನಮ್ ಬಾಣಂತೀರಿಗೂ ಅದೇಯ," ಅಂದಳು ಅಮ್ಮ,
"ಮೆಣಸು ಇನ್ನೊಂಚೂರು ಜಾಸ್ತಿ."

ಅವರ ಮನೆಮಾತಿನಲ್ಲಿ ದೀಪ ಅನ್ನುವುದೂ
ಗಂಡುಮಗ ಅನ್ನುವುದೂ ಒಂದೇ ಸದ್ದಂತೆ.
ಅದಕ್ಕೇ ಮಗ ಹುಟ್ಟಿದರೆ ಹಿರಿಯರ ಮುಂದೆ
ಹೊಸದೊಂದು ಕಾಗದದ ಗೂಡುದೀಪ ಕಟ್ಟುವುದಂತೆ.
"ಹಂಗಾದ್ರೆ ಗಂಡುಮಗ!"
ಡಾಕ್ಟರು ಕನ್ನಡಕ ತೆಗೆದರು. ಅಂಗಿಯ ಚುಂಗಿಗೆ
ಒಂದು ಗಾಜು ಒರೆಸಿದರು. ಮತ್ತೊಂದು ಗಾಜು ಒರೆಸಿದರು.
"ಹೆಣ್ಣು."
"ಮತ್ತೆ?"
"ಆ ಮಾತು ಇಲ್ಲಿ ಯಾರಿಗೆ ಗೊತ್ತು, ಕೇತಮ್ಮ?
ಹಾಸನದಲ್ಲಿ ದೀಪ ಅಂದರೆ ದೀಪ."

ಅಮ್ಮ ಆಮೇಲೆ ರೇಟು ಮಾತಾಡಲಿಲ್ಲ.

ಸಕಲೇಶಪುರದ ಕಡೆಯ ಹಸಿ ಬಿದಿರು, ಗೆಣ್ಣು ದೂರದ್ದು,
ಸೀಳಿ, ಸೀಳಿದ್ದನ್ನು ಸೀಳಿ, ಸಿಬಿರು ಹೆರೆದು
ದಬ್ಬೆಯನ್ನು ನನ್ನ ಕೆನ್ನೆಗೆ ಉಜ್ಜಿ ನೋಡುವಳು:
"ಚುಚ್ತದಾ?"
ಚುಚ್ಚಲಿಲ್ಲ ಅನ್ನುವತನಕ ಹೆರೆದಳು.
ಹದಿನಾರು ದಬ್ಬೆ ಬಾಗಿ ನಿಂತಾಗ
ಮನೆಯೊಳಗೆ ಏನೋ ಉಸಿರು ಹಿಡಿದು ಕೂತಂತಿತ್ತು.

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಕೆಂಪು ಕಾಗದ ಸಿಗಲಿಲ್ಲ.
ಸಿಕ್ಕಿದ್ದು ಮದುವೆ ಚಪ್ಪರದ ಗುಲಾಬಿ.
ಡಾಕ್ಟರು ಗುಲಾಬಿಯ ಮೇಲೆ ಇನ್ನೊಂದು ಗುಲಾಬಿ ಅಂಟಿಸಿದರು;
ಎರಡೂ ಸೇರಿ ಕೆಂಪಾಯಿತು, ಹೆಚ್ಚುಕಮ್ಮಿ.
ಹೆಸರು ಬರೆಯುವಾಗ ಕುಂಚ ಒದ್ದೆಯಾಗಿ
ಒಂದು ಕಡೆ ಕಾಗದ ಹರಿಯಿತು.
ಅವರ ಕೈ ನಡುಗಿದ್ದು ಅವತ್ತೇ ನಾನು ನೋಡಿದ್ದು,
ಹಲ್ಲು ಕೀಳುವಾಗ ನಡುಗುವ ಕೈಯಲ್ಲ ಅದು.
ಅಮ್ಮ ಮೊರಕ್ಕೆ ಬಳಿಯುವ ಮೆಂತ್ಯದ ಮುದ್ದೆ ತಂದು
ಹರಿದಲ್ಲಿ ಒಂದು ಚೂರು ಕೂರಿಸಿದಳು, ಹೆಬ್ಬೆರಳಿನಲ್ಲಿ.

ಭಾನುವಾರ ಪೆನ್ಷನ್ ಮೊಹಲ್ಲಾದ ಮನೆಮನೆಗೂ
ಕೆಂಪು ಬಣ್ಣ ಹಚ್ಚಿದ ಬೆಂದ ಮೊಟ್ಟೆ.
ಎದುರುಮನೆ ಶೇಷಗಿರಿ ಮೇಷ್ಟ್ರು ಬೇಡ ಅನ್ನಲಾರದೆ
ಬಾಳೆಲೆಯಲ್ಲಿ ಇಸಿದುಕೊಂಡು ಕಿಟಕಿಯಲ್ಲಿಟ್ಟರು.
ಮೂರು ದಿನ ಅದು ಅಲ್ಲೇ ಬೀದಿ ನೋಡುತ್ತಿತ್ತು.
ಕೂಸನ್ನು ಮಲಗಿಸಿದ್ದು ಅಮ್ಮನ ಹೊಸ ಮೊರದಲ್ಲಿ
(ಅದಕ್ಕೂ ಅವಳು ದುಡ್ಡು ಕೇಳಲಿಲ್ಲ),
ಮೇಲೆ ದೀಪ. ಬತ್ತಿ ಬಿಸಿಯಾದಂತೆ
ಕೋಣೆಯೆಲ್ಲ ಸಣ್ಣಗೆ ಮೆಂತ್ಯದ ವಾಸನೆ.
ಟುಂಗರ ಹೆಂಡತಿ ಮೂಗರಳಿಸಿ ಸುತ್ತ ನೋಡಿದರು.
ಯಾರೂ ಹೇಳಲಿಲ್ಲ.

ನಾನು ಮೂರನೆಯ ಹೆಣ್ಣು.
ನನಗೆ ಹೊಸ ಮೊರ ಹೆಣೆಯಲಿಲ್ಲ ಅಂತ ಕೇಳಿದ್ದೆ;
ಅಕ್ಕನದೇ ಇತ್ತು, ಅಂಚು ಬಿಟ್ಟದ್ದು.
ಮೊರದವರ ಮನೆಯಲ್ಲಿ!
ಅಪ್ಪ ಎಂಟು ದಿನ ಒಳಗೆ ಬಂದಿರಲಿಲ್ಲವಂತೆ.

ಸೋಮವಾರ ಸಂಜೆ ಸ್ಕೂಲಿನಿಂದ ಬಂದರೆ
ನಮ್ಮ ಬಾಗಿಲಿಗೆ ಒಂದು ನೇತಾಡುತ್ತಿತ್ತು:
ಒಂದೇ ಪದರ ಗುಲಾಬಿ, ಸೊಟ್ಟ ಹೊಟ್ಟೆ,
ಹೆಸರಿಲ್ಲ, ಒಳಗೆ ಚಿಮಣಿಬುಡ್ಡಿ.
ನನಗಾಗ ಹನ್ನೊಂದು ವರ್ಷ.
"ಯಾಕಮ್ಮ ಇದು, ಯಾರಿಗೆ?"

ಮಚ್ಚು ಮಸೆಯುತ್ತಿದ್ದವಳು ತಲೆ ಎತ್ತಲಿಲ್ಲ.
"ದಬ್ಬೆ ಮಿಕ್ಕಿತ್ತು," ಅಂದಳು.